ಉಷ್ಣಗೋಳದ ಸಾಂದ್ರತೆಯ ಮುನ್ಸೂಚನೆ: ನನ್ನ ಮಾದರಿ ಬಿರುಗಾಳಿಯ ಏರಿಕೆಯಲ್ಲೂ ಇಳಿಕೆಯಲ್ಲೂ ಏಕೆ ಎಡವುತ್ತಿದೆ?

ಸಾಂದ್ರಶೋಧಕ (ಪ್ರಶ್ನೆ)

ಕೆಲವು ತಿಂಗಳುಗಳಿಂದ ಬಿಡುವಿನ ವೇಳೆಯಲ್ಲಿ ನಾನೊಂದು ನ್ಯೂರಲ್ ನೆಟ್‌ವರ್ಕ್ ಮಾದರಿಯನ್ನು ಕಟ್ಟುತ್ತಿದ್ದೇನೆ. ಭೂಮಿಯಿಂದ ಸೂರ್ಯನ ದಿಕ್ಕಿಗೆ ಸುಮಾರು 15 ಲಕ್ಷ ಕಿಲೋಮೀಟರ್ ದೂರವಿರುವ ಎಲ್-1 ಬಿಂದುವಿನಲ್ಲಿ ಅಳೆದ ಸೌರಮಾರುತದ (ಸೂರ್ಯನಿಂದ ಸದಾ ಹರಿದುಬರುವ ವಿದ್ಯುದಾವಿಷ್ಟ ಕಣಗಳ ಪ್ರವಾಹ) ವೇಗ, ಕಣಗಳ ಸಾಂದ್ರತೆ ಮತ್ತು ಕಾಂತಕ್ಷೇತ್ರದ ಉತ್ತರ-ದಕ್ಷಿಣ ಘಟಕವನ್ನು (ಮುಂದೆ ಬಿ-ಜೆಡ್ ಎನ್ನುತ್ತೇನೆ) ಅದಕ್ಕೆ ಕೊಡುತ್ತೇನೆ. ಮೂರು ಗಂಟೆಗಳ ನಂತರ 400 ಕಿಲೋಮೀಟರ್ ಎತ್ತರದಲ್ಲಿ ಉಷ್ಣಗೋಳದ, ಅಂದರೆ ಕೆಳಕಕ್ಷೆಯ ಉಪಗ್ರಹಗಳು ಹಾರುವ ವಾತಾವರಣದ ತೆಳು ಮೇಲ್ಪದರದ, ಸಾಂದ್ರತೆ ಎಷ್ಟಿರುತ್ತದೆ ಎಂದು ಅದು ಹೇಳಬೇಕು. ಕಲಿಕೆಗೆ ಬಳಸಿದ್ದು ಚಾಂಪ್ ಮತ್ತು ಗ್ರೇಸ್ ಉಪಗ್ರಹಗಳ ವೇಗೋತ್ಕರ್ಷಮಾಪಕಗಳಿಂದ ಪಡೆದ ಸಾಂದ್ರತೆಯನ್ನು. ಪ್ರತಿ ಸುತ್ತಿನ, ಅಂದರೆ ಸುಮಾರು ಒಂದೂವರೆ ಗಂಟೆಯ, ಸರಾಸರಿಯನ್ನು ತೆಗೆದು ಎಲ್ಲವನ್ನೂ ಒಂದೇ ಎತ್ತರಕ್ಕೆ ಹೊಂದಿಸಿದ್ದೇನೆ. ಇನ್‌ಪುಟ್‌ಗಳಲ್ಲಿ ಹಿಂದಿನ 24 ಗಂಟೆಗಳ ಸೌರಮಾರುತದ ಅಳತೆಗಳು, ಭೂಕಾಂತಕ್ಷೇತ್ರದ ಕಲಕಾಟವನ್ನು ಅಳೆಯುವ ಕೆಪಿ ಸೂಚ್ಯಂಕ, ಸೂರ್ಯನ ಚಟುವಟಿಕೆಯನ್ನು ಸೂಚಿಸುವ 10.7 ಸೆಂಟಿಮೀಟರ್ ತರಂಗದೂರದ ಸೌರ ರೇಡಿಯೋ ಹರಿವು ಮತ್ತು ಇತ್ತೀಚಿನ ಸುತ್ತಿನ ಸಾಂದ್ರತೆ ಸೇರಿವೆ. ಒಟ್ಟು ದತ್ತಾಂಶದ ಶೇಕಡಾ 80 ಭಾಗವನ್ನು ಯಾದೃಚ್ಛಿಕವಾಗಿ ಆರಿಸಿ ಕಲಿಕೆಗೂ ಉಳಿದದ್ದನ್ನು ಪರೀಕ್ಷೆಗೂ ಇಟ್ಟೆ.

ಪರೀಕ್ಷೆಯ ಅಂಕಿಗಳು ಬಹಳ ಚೆನ್ನಾಗಿ ಬಂದವು, ನನಗೇ ಅನುಮಾನ ಬರುವಷ್ಟು ಚೆನ್ನಾಗಿ. ಹಾಗಾಗಿ 2003ರ ನವೆಂಬರ್ 20ರ ಭೂಕಾಂತ ಬಿರುಗಾಳಿಯನ್ನು (ಸೌರಮಾರುತದ ಹೊಡೆತಕ್ಕೆ ಭೂಮಿಯ ಕಾಂತಕ್ಷೇತ್ರ ಕಲಕಿಹೋಗುವ ಘಟನೆ) ಮಾತ್ರ ಆರಿಸಿಕೊಂಡು, ನಿಜವಾದ ಸಾಂದ್ರತೆಯ ರೇಖೆಯನ್ನು ಕಾಗದದ ಮೇಲೂ ಮಾದರಿಯ ರೇಖೆಯನ್ನು ಪಾರದರ್ಶಕ ಹಾಳೆಯ ಮೇಲೂ ಮುದ್ರಿಸಿ ಒಂದರ ಮೇಲೊಂದಿಟ್ಟು ನೋಡಿದೆ. ಹಾಳೆಯನ್ನು ಎರಡು ಬಿಂದುಗಳಷ್ಟು, ಅಂದರೆ ಮೂರು ಗಂಟೆಗಳಷ್ಟು, ಎಡಕ್ಕೆ ಸರಿಸಿದಾಗ ಎರಡೂ ರೇಖೆಗಳ ಏರು ಭಾಗಗಳು ಹೆಚ್ಚುಕಡಿಮೆ ಒಂದಾಗಿಬಿಟ್ಟವು. ಮೂರು ಗಂಟೆ ಮುಂದಿನದನ್ನು ಹೇಳಬೇಕಾದ ಮಾದರಿ ಮೂರು ಗಂಟೆ ತಡವಾಗಿ ಹೇಳುತ್ತಿದೆ.

ಇಳಿಮುಖದ ತೊಂದರೆ ಬೇರೆಯ ಬಗೆಯದು. ಬಿರುಗಾಳಿ ತಗ್ಗಿದ ಮರುದಿನ ನಿಜವಾದ ಸಾಂದ್ರತೆ ಥಟ್ಟನೆ ಕುಸಿದು, ಬಿರುಗಾಳಿಗಿಂತ ಮೊದಲಿದ್ದ ಮಟ್ಟಕ್ಕಿಂತಲೂ ಕೆಳಗೆ ಹೋಗುತ್ತದೆ. ಮಾದರಿಯಾದರೋ ನಿಧಾನವಾಗಿ ಹಳೆಯ ಮಟ್ಟಕ್ಕೆ ಮರಳುತ್ತದೆ, ಅದರ ಕೆಳಗೆ ಇಳಿಯುವುದೇ ಇಲ್ಲ. ಮೊದಲು ಇದು ಅಳತೆಯ ದೋಷವಿರಬೇಕೆಂದುಕೊಂಡೆ, ಆದರೆ ಎರಡೂ ಉಪಗ್ರಹಗಳು ಒಂದೇ ಮಾತನ್ನು ಹೇಳುತ್ತಿವೆ.

ಈ ಎರಡು ತಪ್ಪುಗಳಿಗೆ ಕಾರಣ ಒಂದೆಯೇ? ಮತ್ತು, ಸೂರ್ಯನ ಚಿತ್ರಗಳನ್ನೂ ಇನ್‌ಪುಟ್‌ಗೆ ಸೇರಿಸಿದರೆ ಇದೇ ಮಾದರಿಯನ್ನು ಮೂರು ಗಂಟೆಯಿಂದ ಎರಡು ದಿನಗಳ ಮುನ್ಸೂಚನೆಗೆ ಹಿಗ್ಗಿಸುವುದು ಸಾಧ್ಯವೇ?

ಕಕ್ಷಾಗಣಕ

ನಿಮ್ಮ ಪಾರದರ್ಶಕ ಹಾಳೆ ರೋಗವನ್ನು ಸರಿಯಾಗಿಯೇ ಹಿಡಿದಿದೆ. ಈಗಿರುವ ಸಾಂದ್ರತೆಯೇ ಮೂರು ಗಂಟೆಗಳ ನಂತರವೂ ಇರುತ್ತದೆ ಎಂದು ಹೇಳುವುದಕ್ಕೆ ಯಥಾಸ್ಥಿತಿ ಮುನ್ಸೂಚನೆ ಎನ್ನುತ್ತಾರೆ. ನಿಮ್ಮ ನೆಟ್‌ವರ್ಕ್ ಕಲಿತಿರುವುದು ಬಹುಪಾಲು ಅದನ್ನೇ. ವರ್ಷದ ಹೆಚ್ಚಿನ ಗಂಟೆಗಳಲ್ಲಿ ಭೂಕಾಂತಕ್ಷೇತ್ರ ಶಾಂತವಾಗಿರುವುದರಿಂದ, ಕೊನೆಯ ಸುತ್ತಿನ ಸಾಂದ್ರತೆಯನ್ನು ಹಾಗೆಯೇ ನಕಲು ಮಾಡಿದರೂ ಒಟ್ಟು ದೋಷ ಬಹಳ ಕಡಿಮೆ ಬರುತ್ತದೆ. ದೋಷವನ್ನು ತಗ್ಗಿಸುವುದೊಂದೇ ಗುರಿಯಾಗಿರುವ ನೆಟ್‌ವರ್ಕಿಗೆ ಇಷ್ಟು ಅಗ್ಗದ ದಾರಿ ಎದುರಿಗಿರುವಾಗ ಅದು ಸೌರಮಾರುತದ ಗೊಡವೆಗೆ ಏಕೆ ಹೋದೀತು?

ಮೊದಲು ಮಾಡಬೇಕಾದ ಕೆಲಸ, ನಿಮ್ಮ ಅಂಕಿಗಳ ಪಕ್ಕದಲ್ಲಿ ಬರಿಯ ಯಥಾಸ್ಥಿತಿ ಮುನ್ಸೂಚನೆಯ ಅಂಕಿಗಳನ್ನು ಇಟ್ಟು ನೋಡುವುದು, ಅದೂ ಇಡೀ ದಶಕಕ್ಕಲ್ಲ, ಸಾಂದ್ರತೆ ಏರುತ್ತಿರುವ ಗಂಟೆಗಳಿಗೆ ಮಾತ್ರ. ಎರಡನೆಯದಾಗಿ, ಯಾದೃಚ್ಛಿಕ ವಿಂಗಡಣೆಯನ್ನು ದಯವಿಟ್ಟು ಕೈಬಿಡಿ. ಒಂದೇ ಬಿರುಗಾಳಿಯ ಹತ್ತನೆಯ ಸುತ್ತು ಕಲಿಕೆಯ ಭಾಗದಲ್ಲೂ ಹನ್ನೊಂದನೆಯ ಸುತ್ತು ಪರೀಕ್ಷೆಯ ಭಾಗದಲ್ಲೂ ಇದ್ದರೆ ಅದು ಪರೀಕ್ಷೆಯಲ್ಲ, ಉತ್ತರಪತ್ರಿಕೆಯನ್ನು ಮೊದಲೇ ತೋರಿಸಿದ ಹಾಗೆ. ಇಡೀ ಬಿರುಗಾಳಿಗಳನ್ನು, ಸಾಧ್ಯವಾದರೆ ಇಡೀ ವರ್ಷಗಳನ್ನು, ಪ್ರತ್ಯೇಕವಾಗಿ ತೆಗೆದಿಡಿ. ನಿಮ್ಮ ದತ್ತಾಂಶದ ಅವಧಿಯಲ್ಲಿ 2003ರಂತಹ ಉಗ್ರ ವರ್ಷವೂ ಇದೆ, 2008ರಂತಹ, ಉಷ್ಣಗೋಳ ಅಸಾಧಾರಣವಾಗಿ ಕುಗ್ಗಿದ್ದ ಸೌರ ಕನಿಷ್ಠದ ವರ್ಷವೂ ಇದೆ. ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲಿ ನಿಲ್ಲುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆ.

ಹಾಗೆಂದು ಮೂರು ಗಂಟೆಯ ಮುನ್ಸೂಚನೆ ಅಸಾಧ್ಯವೇನಲ್ಲ. ಕಾಲದ ಲೆಕ್ಕವನ್ನು ಒಮ್ಮೆ ಮಾಡಿ ನೋಡೋಣ. ಸೌರಮಾರುತ ಸೆಕೆಂಡಿಗೆ 400 ಕಿಲೋಮೀಟರ್ ವೇಗದಲ್ಲಿ ಬಂದರೆ ಎಲ್-1ರಿಂದ ಭೂಮಿಗೆ 15 ಲಕ್ಷ ಕಿಲೋಮೀಟರ್ ದಾಟಲು 3750 ಸೆಕೆಂಡು, ಅಂದರೆ ಒಂದು ಗಂಟೆಯ ಮೇಲೆ ಎರಡೂವರೆ ನಿಮಿಷ ಬೇಕು. ವೇಗ 800 ಆದರೆ ಅದರ ಅರ್ಧ. ಆಮೇಲೆ ಬಿ-ಜೆಡ್ ದಕ್ಷಿಣಕ್ಕೆ ತಿರುಗಿದ್ದಲ್ಲಿ ಭೂಮಿಯ ಕಾಂತಕ್ಷೇತ್ರ ಆವರಿಸಿರುವ ಕಾಂತಗೋಳದ ಮುಂಭಾಗದಲ್ಲಿ ಕಾಂತರೇಖೆಗಳ ಮರುಜೋಡಣೆ ನಡೆದು, ಶಕ್ತಿ ಎರಡೂ ಧ್ರುವಗಳ ಸುತ್ತಲಿನ ಅರೋರಾ ವಲಯಕ್ಕೆ ಇಳಿಯುತ್ತದೆ. ಅಲ್ಲಿ ವಿದ್ಯುತ್ ಪ್ರವಾಹದ ಜೂಲ್ ತಾಪನದಿಂದ ಗಾಳಿ ಕಾದು ಉಬ್ಬುತ್ತದೆ. ಈ ಉಬ್ಬರ ಸೆಕೆಂಡಿಗೆ ಸುಮಾರು 700 ಮೀಟರ್ ವೇಗದ ಅಲೆಗಳಾಗಿ ಸಮಭಾಜಕದ ಕಡೆಗೆ ಸಾಗುತ್ತದೆ. 65 ಡಿಗ್ರಿ ಅಕ್ಷಾಂಶದಿಂದ ಸಮಭಾಜಕಕ್ಕೆ ಸುಮಾರು 7200 ಕಿಲೋಮೀಟರ್ ದೂರವಿರುವುದರಿಂದ ಆ ಪಯಣಕ್ಕೇ ಹತ್ತಿರ ಹತ್ತಿರ ಮೂರು ಗಂಟೆ ಹಿಡಿಯುತ್ತದೆ. ಅಂದರೆ ವಾತಾವರಣದ ಈ ನಿಧಾನವೇ ನಿಮಗೆ ಸಿಕ್ಕಿರುವ ಮುಂಗಡ. ಇಡೀ ಸುತ್ತಿನ ಸರಾಸರಿ ಸಾಂದ್ರತೆ ಮೂರು ಗಂಟೆಗಳ ನಂತರ ಹೇಗಿರುತ್ತದೆ ಎಂಬ ಮಾಹಿತಿಯ ಬಹುಭಾಗ ನಿಮ್ಮ ಇನ್‌ಪುಟ್‌ನಲ್ಲಿ ಈಗಾಗಲೇ ಇದೆ. ನೆಟ್‌ವರ್ಕ್ ಅದನ್ನು ಓದುತ್ತಿಲ್ಲ, ಅಷ್ಟೆ.

ಓದುವಂತೆ ಮಾಡಲು ಸಾಂದ್ರತೆಯ ಬದಲು ಮೂರು ಗಂಟೆಗಳಲ್ಲಿ ಅದರಲ್ಲಾಗುವ ಬದಲಾವಣೆಯನ್ನು ಗುರಿಯಾಗಿಡಿ. ಆಗ ನಕಲು ಮಾಡಿದರೆ ಸಿಗುವುದು ಸೊನ್ನೆ. ಬಿರುಗಾಳಿಯ ಗಂಟೆಗಳ ದೋಷಕ್ಕೆ ಹೆಚ್ಚು ತೂಕ ಕೊಡಿ. ಬಿ-ಜೆಡ್ ಮತ್ತು ವೇಗಗಳನ್ನು ಬಿಡಿಬಿಡಿಯಾಗಿ ಕೊಡುವ ಬದಲು, ವೇಗ, ಅಡ್ಡ ಕಾಂತಕ್ಷೇತ್ರ ಮತ್ತು ಅದರ ಕೋನವನ್ನು ಒಂದೇ ಸಂಖ್ಯೆಯಾಗಿ ಬೆಸೆಯುವ ಸೂತ್ರವನ್ನು ಬಳಸಿ. 2007ರಲ್ಲಿ ನ್ಯೂವೆಲ್ ಮತ್ತು ಸಂಗಡಿಗರು ಕೊಟ್ಟ ಸೂತ್ರ ಇದಕ್ಕೆ ಸಾಕು. ಕೆಲವೇ ಬಿರುಗಾಳಿಗಳಿಂದ ಕಲಿಯಬೇಕಾದ ಮಾದರಿಗೆ, ಭೌತಶಾಸ್ತ್ರ ಈಗಾಗಲೇ ಕಂಡುಕೊಂಡದ್ದನ್ನು ಮತ್ತೆ ಹುಡುಕುವ ಕೆಲಸ ಹೊರಿಸುವುದು ಜಾಣತನವಲ್ಲ.

ಇಳಿಮುಖದ ವಿಚಾರವನ್ನು ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ.

ಅವಕೆಂಪು

ಎರಡು ತಪ್ಪುಗಳಿಗೆ ಕಾರಣ ಒಂದೇ ಅಲ್ಲ. ಮೊದಲನೆಯದು ಕಲಿಕೆಯ ವಿಧಾನದ ದೋಷ. ಎರಡನೆಯದರಲ್ಲಿ ನಿಮ್ಮ ಇನ್‌ಪುಟ್‌ಗಳು ಕಾಣದ ಒಂದು ಪಾತ್ರವೇ ಇದೆ, ಅದು ನೈಟ್ರಿಕ್ ಆಕ್ಸೈಡ್.

ಉಷ್ಣಗೋಳವನ್ನು ಸಾಮಾನ್ಯ ದಿನಗಳಲ್ಲಿ ಕಾಯಿಸುವುದು ಮುಖ್ಯವಾಗಿ ಸೂರ್ಯನ ಅತಿ ನೇರಳಾತೀತ ಕಿರಣ. ದೀರ್ಘಾವಧಿಯ ಸರಾಸರಿಯಲ್ಲಿ ಒಟ್ಟು ಶಕ್ತಿಯ ಐದರಲ್ಲಿ ಸುಮಾರು ನಾಲ್ಕು ಪಾಲು ಅದರಿಂದಲೇ ಬರುತ್ತದೆ, ಉಳಿದದ್ದು ಜೂಲ್ ತಾಪನದಿಂದ ಮತ್ತು ಅರೋರಾ ವಲಯಕ್ಕೆ ಸುರಿಯುವ ಕಣಗಳಿಂದ. ದೊಡ್ಡ ಬಿರುಗಾಳಿಯ ಉತ್ತುಂಗದಲ್ಲಿ ಈ ಪ್ರಮಾಣ ತಲೆಕೆಳಗಾಗಿ ಜೂಲ್ ತಾಪನವೇ ಸೂರ್ಯಕಿರಣವನ್ನು ಮೀರಿಸಬಲ್ಲದು. ಇದು ಜಮೆಯ ಬದಿ. ಮಾದರಿ ಕಟ್ಟುವವರು ಬಹುತೇಕ ಈ ಬದಿಯನ್ನಷ್ಟೇ ನೋಡುತ್ತಾರೆ. ಖರ್ಚಿನ ಬದಿಯಲ್ಲಿ ಕೆಳಗಿನ ಪದರಗಳಿಗೆ ಶಾಖದ ಹರಿವಿದೆ, 15 ಮೈಕ್ರಾನ್ ತರಂಗದೂರದಲ್ಲಿ ಇಂಗಾಲದ ಡೈಆಕ್ಸೈಡ್ ಹೊರಸೂಸುವ ಅವಕೆಂಪು ಕಿರಣವಿದೆ, 5.3 ಮೈಕ್ರಾನ್‌ನಲ್ಲಿ ನೈಟ್ರಿಕ್ ಆಕ್ಸೈಡ್ ಹೊರಸೂಸುವ ಕಿರಣವಿದೆ.

ಶಾಂತ ದಿನಗಳಲ್ಲಿ ನೈಟ್ರಿಕ್ ಆಕ್ಸೈಡಿನ ಪಾತ್ರ ಅಷ್ಟೇನೂ ಎದ್ದು ಕಾಣುವುದಿಲ್ಲ. ಬಿರುಗಾಳಿ ಬಂದಾಗ ಅರೋರಾ ಕಣಗಳು ಸಾರಜನಕದ ಅಣುಗಳನ್ನು ಒಡೆಯುತ್ತವೆ, ಹಾಗೆ ಬಿಡಿಯಾದ ಉದ್ರಿಕ್ತ ಸಾರಜನಕ ಪರಮಾಣುಗಳು ಆಮ್ಲಜನಕದೊಂದಿಗೆ ಸೇರಿ ನೈಟ್ರಿಕ್ ಆಕ್ಸೈಡನ್ನು ಹೇರಳವಾಗಿ ತಯಾರಿಸುತ್ತವೆ. ಆ ಅಣುಗಳಿಗೆ ಆಮ್ಲಜನಕದ ಪರಮಾಣುಗಳು ಬಡಿದಾಗ ಅವು ಕಂಪಿಸಿ, ಆ ಕಂಪನದ ಶಕ್ತಿಯನ್ನು ಅವಕೆಂಪು ಕಿರಣವಾಗಿ ಬಾಹ್ಯಾಕಾಶಕ್ಕೆ ಚೆಲ್ಲುತ್ತವೆ. ಗಾಳಿ ಬಿಸಿಯಾದಷ್ಟೂ ಬಡಿತ ಜೋರು, ಬಡಿತ ಜೋರಾದಷ್ಟೂ ತಂಪಾಗುವಿಕೆ ವೇಗ. 2002ರ ಏಪ್ರಿಲ್‌ನ ಬಿರುಗಾಳಿಗಳಲ್ಲಿ ಟೈಮ್ಡ್ ಉಪಗ್ರಹದ ಸೇಬರ್ ಉಪಕರಣ ಈ ಹೊಳಪು ಹಲವು ಪಟ್ಟು ಏರಿದ್ದನ್ನು ಕಂಡಿತು. ಸಂಶೋಧಕರು ಇದನ್ನು ಉಷ್ಣಗೋಳದ ಸಹಜ ಥರ್ಮೋಸ್ಟಾಟ್ ಎಂದೇ ಕರೆದರು.

ಈಗ ನಿಮ್ಮ ಇಳಿಮುಖಕ್ಕೆ ಬರೋಣ. ಬಿ-ಜೆಡ್ ಉತ್ತರಕ್ಕೆ ತಿರುಗಿದೊಡನೆ ತಾಪನ ನಿಲ್ಲುತ್ತದೆ. ಆದರೆ ತಯಾರಾದ ನೈಟ್ರಿಕ್ ಆಕ್ಸೈಡ್ ಅದರೊಂದಿಗೆ ಮಾಯವಾಗುವುದಿಲ್ಲ. ಸೂರ್ಯನ ಬೆಳಕು ಅದನ್ನು ಒಡೆಯಲು ಒಂದು ದಿನದ ಆಜುಬಾಜು ಬೇಕಾಗುತ್ತದೆ, ಅಷ್ಟರಲ್ಲಿ ಗಾಳಿ ಅದನ್ನು ಕೆಳ ಅಕ್ಷಾಂಶಗಳವರೆಗೂ ಒಯ್ದಿರುತ್ತದೆ. ಜಮೆ ನಿಂತು ಖರ್ಚು ಮಾತ್ರ ಮುಂದುವರಿಯುವ ಈ ಅವಧಿಯಲ್ಲಿ ಉಷ್ಣಗೋಳ ಮೊದಲಿದ್ದುದಕ್ಕಿಂತಲೂ ತಣ್ಣಗಾಗುತ್ತದೆ. ತಂಪಾಗುವಿಕೆ ನಡೆಯುವುದು ಬಹಳ ಕೆಳಗೆ, ನೂರಿಪ್ಪತ್ತು-ನೂರೈವತ್ತು ಕಿಲೋಮೀಟರ್ ಎತ್ತರದ ಸುತ್ತಮುತ್ತ. ಆದರೂ ಅಡಿಯ ಪದರ ಕುಗ್ಗಿದಾಗ ಅದರ ಮೇಲಿರುವುದೆಲ್ಲ ಕೆಳಗಿಳಿಯುವುದರಿಂದ, 400 ಕಿಲೋಮೀಟರ್ ಎತ್ತರದಲ್ಲಿ ನಿಂತು ಅಳೆಯುವವನಿಗೆ ಅದು ಸಾಂದ್ರತೆಯ ದೊಡ್ಡ ಕುಸಿತವಾಗಿಯೇ ಕಾಣುತ್ತದೆ. ನೀವು ಅಳತೆಯ ದೋಷ ಎಂದುಕೊಂಡದ್ದು ಇದು.

ನಿಮ್ಮ ಮಾದರಿಗೆ ಕಳೆದ 24 ಗಂಟೆಗಳಷ್ಟೇ ಕಾಣುತ್ತವೆ. ಮರುದಿನದ ಹೊತ್ತಿಗೆ ಬಿರುಗಾಳಿಯೇ ಅದರ ದೃಷ್ಟಿಯಿಂದ ಜಾರಿಹೋಗಿರುತ್ತದೆ. ಎನ್‌ಆರ್‌ಎಲ್‌ಎಂಎಸ್‌ಐಎಸ್‌ಇ-00 ಎಂಬ ಹಳೆಯ ಅನುಭವಜನ್ಯ ಮಾದರಿಯೂ ಭೂಕಾಂತ ಸೂಚ್ಯಂಕದ ಇತಿಹಾಸವನ್ನು 57 ಗಂಟೆಗಳಷ್ಟು ಹಿಂದಿನವರೆಗೆ ಕೇಳುತ್ತದೆ, ಅದು ಸುಮ್ಮನೆ ಇಟ್ಟದ್ದಲ್ಲ. ನನ್ನ ಸಲಹೆಯೆಂದರೆ, ಕಳೆದ ಮೂರು ದಿನಗಳಲ್ಲಿ ಒಳಬಂದ ಶಕ್ತಿಯ ಸೋರುವ ಮೊತ್ತಗಳನ್ನು ಇನ್‌ಪುಟ್ ಆಗಿ ಕೊಡಿ. ತಳದಲ್ಲಿ ತೂತಿರುವ ತೊಟ್ಟಿಯನ್ನು ಊಹಿಸಿಕೊಳ್ಳಿ, ಶಕ್ತಿ ಮೇಲಿನಿಂದ ಸುರಿಯುತ್ತದೆ, ಕೆಳಗಿನಿಂದ ಸೋರುತ್ತದೆ. ಅಂಥ ಎರಡು ತೊಟ್ಟಿಗಳಿರಲಿ, ಒಂದು ಕೆಲವೇ ಗಂಟೆಗಳಲ್ಲಿ ಬರಿದಾಗುವುದು, ಇನ್ನೊಂದು ಒಂದು ದಿನಕ್ಕೂ ಮಿಕ್ಕಿ ಹಿಡಿಯುವುದು. ಮೊದಲನೆಯದು ತಾಪನಕ್ಕೂ ಎರಡನೆಯದು ನೈಟ್ರಿಕ್ ಆಕ್ಸೈಡಿಗೂ ಪ್ರತಿನಿಧಿಯಾಗುತ್ತದೆ. ನೆಟ್‌ವರ್ಕ್ ಎರಡನೆಯದಕ್ಕೆ ಋಣ ಚಿಹ್ನೆಯನ್ನು ತಾನಾಗಿಯೇ ಕಂಡುಕೊಂಡರೆ ನೀವು ಸರಿಯಾದ ದಾರಿಯಲ್ಲಿದ್ದೀರಿ ಎಂದರ್ಥ.

ಕೆಪಿಯ ಬಗ್ಗೆಯೂ ಒಂದು ಮಾತು. ಅದು ಮೂರು ಗಂಟೆಗೊಮ್ಮೆ ಬರುವ, 9ಕ್ಕೆ ನಿಂತುಹೋಗುವ ಸೂಚ್ಯಂಕ. ಒಂಬತ್ತರ ಆಚೆ ಬಿರುಗಾಳಿ ಎಷ್ಟು ಉಗ್ರವಾದರೂ ಕೆಪಿ ಬಾಯಿ ಬಿಡುವುದಿಲ್ಲ. ಜರ್ಮನಿಯ ಪಾಟ್ಸ್‌ಡ್ಯಾಮ್‌ನ ಜಿಎಫ್‌ಝಡ್ ಸಂಸ್ಥೆ ಅರ್ಧ ಗಂಟೆಗೊಮ್ಮೆ ಕೊಡುವ, ಮೇಲ್ಮಿತಿಯಿಲ್ಲದ ಎಚ್‌ಪಿ30 ಸೂಚ್ಯಂಕ ನಿಮ್ಮ ಕೆಲಸಕ್ಕೆ ಹೆಚ್ಚು ಹೊಂದುತ್ತದೆ.

ಸಾಂದ್ರಶೋಧಕ

ಇಬ್ಬರಿಗೂ ಧನ್ಯವಾದಗಳು. ಯಥಾಸ್ಥಿತಿಯ ಅಂಕಿಗಳನ್ನು ನಿನ್ನೆ ರಾತ್ರಿಯೇ ಲೆಕ್ಕ ಹಾಕಿದೆ. ಏರಿಕೆಯ ಗಂಟೆಗಳಲ್ಲಿ ನನ್ನ ಮಾದರಿಗೂ ಅದಕ್ಕೂ ಹೇಳಿಕೊಳ್ಳುವಂತಹ ವ್ಯತ್ಯಾಸವೇ ಇಲ್ಲ. ತಿಂಗಳುಗಟ್ಟಲೆ ತರಬೇತಿ ಕೊಟ್ಟು ನಾನು ತಯಾರಿಸಿದ್ದು ಒಂದು ದುಬಾರಿ ನಕಲು ಯಂತ್ರವನ್ನು. ಈಗ ಬಿರುಗಾಳಿವಾರು ವಿಂಗಡಣೆ ಮಾಡಿ, ಬದಲಾವಣೆಯನ್ನು ಗುರಿಯಾಗಿಟ್ಟು ಹೊಸದಾಗಿ ಆರಂಭಿಸಿದ್ದೇನೆ.

ಎರಡು ದಿನಗಳ ಮುನ್ಸೂಚನೆಯ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ. ಸೂರ್ಯನ ಹೊರ ವಾತಾವರಣವಾದ ಕರೋನಾದಿಂದ ದ್ರವ್ಯರಾಶಿ ಸಿಡಿದು ಹೊರಟಿದ್ದು, ಸೂರ್ಯನ ಬಿಂಬವನ್ನು ಮರೆಮಾಡಿ ತೆಗೆಯುವ ಕೊರೋನಾಗ್ರಾಫ್ ಚಿತ್ರಗಳಲ್ಲಿ ಕಾಣುತ್ತದೆ, ವೇಗವನ್ನೂ ಅಳೆಯಬಹುದು. ವೇಗ ಹೆಚ್ಚಿದ್ದರೆ ಬಿರುಗಾಳಿ ದೊಡ್ಡದು ಎಂದು ಇಟ್ಟುಕೊಳ್ಳುವುದರಲ್ಲಿ ತಪ್ಪೇನು?

ದಕ್ಷಿಣಮುಖಿ

ತಪ್ಪು ಏನೆಂಬುದನ್ನು ಎರಡು ಘಟನೆಗಳೇ ಹೇಳುತ್ತವೆ. 1972ರ ಆಗಸ್ಟ್‌ನಲ್ಲಿ ಸೂರ್ಯನಿಂದ ಸಿಡಿದ ದ್ರವ್ಯರಾಶಿಯೊಂದು 14.6 ಗಂಟೆಗಳಲ್ಲಿ ಭೂಮಿಯನ್ನು ಮುಟ್ಟಿತು. ದಾಖಲಾದ ಅತ್ಯುಗ್ರ ಬಿರುಗಾಳಿಗಳಲ್ಲೊಂದಾದ 1859ರ ಕ್ಯಾರಿಂಗ್ಟನ್ ಘಟನೆಗೆ ಹದಿನೇಳೂವರೆ ಗಂಟೆಗೂ ಹೆಚ್ಚು ಹಿಡಿದಿತ್ತು ಎಂಬುದನ್ನು ನೆನೆದರೆ ಅದರ ಓಟ ಎಂಥದ್ದೆಂದು ತಿಳಿಯುತ್ತದೆ. ಆದರೂ ಬಿರುಗಾಳಿಯ ತೀವ್ರತೆಯನ್ನು ತೋರಿಸುವ ಡಿಎಸ್‌ಟಿ ಸೂಚ್ಯಂಕ ಆಗ ಇಳಿದದ್ದು ಋಣ 125 ನ್ಯಾನೋಟೆಸ್ಲಾಗಷ್ಟೆ, ಏಕೆಂದರೆ ಬಂದ ಕಾಂತಕ್ಷೇತ್ರ ಬಹುಪಾಲು ಉತ್ತರಕ್ಕೆ ಮುಖ ಮಾಡಿತ್ತು. ನೀವು ಪಾರದರ್ಶಕ ಹಾಳೆಯ ಮೇಲಿಟ್ಟು ನೋಡಿದ 2003ರ ನವೆಂಬರ್ 20ರದು ಇದಕ್ಕೆ ತೀರಾ ವಿರುದ್ಧ. ವೇಗ ಸೆಕೆಂಡಿಗೆ 700 ಕಿಲೋಮೀಟರಿನ ಆಸುಪಾಸು, ಅದೇ ವರ್ಷದ ಅಕ್ಟೋಬರ್ ಕೊನೆಯ ಸ್ಫೋಟಗಳ ಮುಂದೆ ಏನೂ ಅಲ್ಲ. ಆದರೆ ಬಿ-ಜೆಡ್ ಸುಮಾರು 50 ನ್ಯಾನೋಟೆಸ್ಲಾದಷ್ಟು ದಕ್ಷಿಣಕ್ಕೆ ತಿರುಗಿ ಗಂಟೆಗಟ್ಟಲೆ ಹಾಗೆಯೇ ನಿಂತಿತು, ಡಿಎಸ್‌ಟಿ ಋಣ 422ಕ್ಕೆ ಕುಸಿಯಿತು. ವೇಗವನ್ನು ಮಾತ್ರ ನಂಬಿದ್ದವರು ಮೊದಲನೆಯದಕ್ಕೆ ಸುಮ್ಮನೆ ಹೆದರಿ ಎರಡನೆಯದರಲ್ಲಿ ನಿದ್ದೆ ಹೋಗಿರುತ್ತಿದ್ದರು.

ಕೊರೋನಾಗ್ರಾಫ್ ಚಿತ್ರದಲ್ಲಿ ಕಾಣುವುದು ದ್ರವ್ಯ, ಅದರೊಳಗಿನ ಕಾಂತಕ್ಷೇತ್ರವಲ್ಲ. ಅಮೆರಿಕದ ಬಾಹ್ಯಾಕಾಶ ಹವಾಮಾನ ಮುನ್ಸೂಚನಾ ಕೇಂದ್ರ 2011ರಿಂದ ನಿತ್ಯ ನಡೆಸುತ್ತಿರುವ ಎನ್‌ಲಿಲ್ ಮಾದರಿಯಲ್ಲಿಯೂ ಸಿಡಿದ ದ್ರವ್ಯರಾಶಿಯನ್ನು ಒತ್ತಡ ಹೆಚ್ಚಿರುವ ಒಂದು ಮುದ್ದೆಯಂತೆ ಒಳಸೇರಿಸುತ್ತಾರೆ, ಅದರ ಸ್ವಂತ ಕಾಂತರಚನೆ ಅಲ್ಲಿ ಇರುವುದಿಲ್ಲ. ಯಾವಾಗ ಬರುತ್ತದೆ ಎಂಬುದನ್ನು ಅಂಥ ಮಾದರಿಗಳು ಸರಾಸರಿ ಹತ್ತು ಗಂಟೆ ಹೆಚ್ಚುಕಡಿಮೆಯ ದೋಷದೊಂದಿಗೆ ಹೇಳಬಲ್ಲವು. ಯಾವ ದಿಕ್ಕಿನ ಕಾಂತಕ್ಷೇತ್ರದೊಂದಿಗೆ ಬರುತ್ತದೆ ಎಂಬುದು ಎಲ್-1ನ್ನು ಮುಟ್ಟಿದ ಮೇಲೆಯೇ ಖಚಿತವಾಗುವುದು. ಆದ್ದರಿಂದ ಎರಡು ದಿನಗಳ ಮುನ್ಸೂಚನೆಗೆ ಒಂದೇ ರೇಖೆ ಎಳೆಯುವುದನ್ನು ಬಿಟ್ಟುಬಿಡಿ. ಬೇರೆ ಬೇರೆ ಆಗಮನ ಸಮಯಗಳನ್ನೂ ಬಿ-ಜೆಡ್‌ನ ಬೇರೆ ಬೇರೆ ಸಾಧ್ಯತೆಗಳನ್ನೂ ಇಟ್ಟು ಹಲವಾರು ಬಾರಿ ಮಾದರಿಯನ್ನು ಓಡಿಸಿ, ಸಾಂದ್ರತೆ ದುಪ್ಪಟ್ಟಾಗುವ ಸಂಭವ ಎಷ್ಟು ಎಂದು ಹೇಳಿ.

ಒಂದು ಬಗೆಯ ಬಿರುಗಾಳಿಗೆ ಮಾತ್ರ ಈ ಕಷ್ಟ ಅಷ್ಟಿಲ್ಲ. ಕರೋನಾ ರಂಧ್ರಗಳಿಂದ (ಕರೋನಾದಲ್ಲಿ ಕಾಂತರೇಖೆಗಳು ಹೊರಗೆ ತೆರೆದುಕೊಂಡಿರುವ ಜಾಗಗಳು) ಹೊರಡುವ ವೇಗದ ಸೌರಮಾರುತ ಸೂರ್ಯನೊಂದಿಗೆ ತಿರುಗುತ್ತ ಸುಮಾರು 27 ದಿನಗಳಿಗೊಮ್ಮೆ ಮತ್ತೆ ಭೂಮಿಯನ್ನು ಸವರುತ್ತದೆ. 2005ರಲ್ಲಿ ಅಂಥ ಮೂರು ರಂಧ್ರಗಳು ಸೂರ್ಯನ ಮೇಲೆ ಹೆಚ್ಚುಕಡಿಮೆ ಸಮಾನ ಅಂತರದಲ್ಲಿ ಹರಡಿಕೊಂಡಿದ್ದರಿಂದ ಉಷ್ಣಗೋಳದ ಸಾಂದ್ರತೆ 9 ದಿನಗಳಿಗೊಮ್ಮೆ ಉಸಿರಾಡುವಂತೆ ಏರಿಳಿದದ್ದು ನಿಮ್ಮ ಚಾಂಪ್ ದತ್ತಾಂಶದಲ್ಲಿಯೇ ಇದೆ, ತೆರೆದು ನೋಡಿ. ಇಂಥ ಬಿರುಗಾಳಿಗಳು ಸೌಮ್ಯ, ಆದರೆ ದಿನಗಟ್ಟಲೆ ಇರುತ್ತವೆ. ಇವುಗಳಿಗೆ ಸೂರ್ಯನ ಹಿಂದಿನ ಸುತ್ತಿನ ಅನುಭವವೇ ಒಳ್ಳೆಯ ಮುನ್ಸೂಚನೆ.

ಕಕ್ಷಾಗಣಕರ ಕಾಲದ ಲೆಕ್ಕಕ್ಕೆ ನನ್ನದೊಂದು ತಕರಾರು ಇದೆ. ಆ ಲೆಕ್ಕ ಸರಿಯೇ, ಆದರೆ ಪ್ರಶ್ನೆ ಕೇಳಿದವರು ಬಳಸುತ್ತಿರುವುದು ಬಹುಶಃ ಓಮ್ನಿ ಎಂಬ, ಹಲವು ನೌಕೆಗಳ ಸೌರಮಾರುತದ ಅಳತೆಗಳನ್ನು ಒಟ್ಟುಗೂಡಿಸಿದ ದತ್ತಾಂಶ. ಅದನ್ನು ಆಮೇಲೆ ಶುಚಿಗೊಳಿಸಿ, ಭೂಮಿಯ ಮುಂದಿನ ಆಘಾತ ತರಂಗವನ್ನು ತಲುಪುವ ಸಮಯಕ್ಕೆ ಸರಿಸಿ ಇಟ್ಟಿರುತ್ತಾರೆ. ಒಂದು ಕಡೆ ಇದರಿಂದ ನಷ್ಟ: ಎಲ್-1ರಲ್ಲಿ ಸುಮಾರು ಒಂದು ಗಂಟೆ ಮೊದಲೇ ತಿಳಿದಿದ್ದ ಸಂಗತಿ ದಾಖಲೆಯಲ್ಲಿ ತಡವಾಗಿ ಕಾಣುತ್ತದೆ. ಇನ್ನೊಂದು ಕಡೆ ಸುಳ್ಳು ಲಾಭ: ಆ ಕ್ಷಣದಲ್ಲಿ ಯಾರ ಕೈಯಲ್ಲೂ ಇಲ್ಲದಿದ್ದ ಶುದ್ಧ ಅಳತೆ ನಿಮ್ಮ ಮಾದರಿಗೆ ಸಿಗುತ್ತದೆ. 2003ರ ಅಕ್ಟೋಬರ್ 29ರ ಸುಮಾರಿಗೆ ಸೌರ ಪ್ರೋಟಾನುಗಳ ಸುರಿಮಳೆಗೆ ಸಿಕ್ಕಿ ಎಲ್-1ರಲ್ಲಿರುವ ಏಸ್ ನೌಕೆಯ ಸೌರಮಾರುತ ಮಾಪಕದ ಸಾಮಾನ್ಯ ಅಳತೆಗಳು ಕೆಟ್ಟುಹೋದವು. ಸೆಕೆಂಡಿಗೆ 1850 ಕಿಲೋಮೀಟರನ್ನೂ ಮೀರಿದ್ದ ವೇಗವನ್ನು ಆಮೇಲೆ ಅದೇ ಉಪಕರಣದ ಇನ್ನೊಂದು ಕ್ರಮದ ಅಳತೆಗಳಿಂದ ಹೊರತೆಗೆಯಬೇಕಾಯಿತು. ಅಲ್ಲಿಯೇ ಇರುವ ಡಿಸ್ಕವರ್ ನೌಕೆ 2019ರ ಜೂನ್ ಕೊನೆಯಿಂದ 2020ರ ಮಾರ್ಚ್‌ವರೆಗೆ ಕೆಲಸ ನಿಲ್ಲಿಸಿತ್ತು. ಹಳೆಯ ಏಸ್ ಇನ್ನೂ ಕೈಯಲ್ಲಿದ್ದುದರಿಂದ ಆಗ ನಡೆಯಿತು. ಈಗ 2024ರ ಜನವರಿಯಿಂದ ಆದಿತ್ಯ-ಎಲ್1 ಕೂಡ ಅಲ್ಲಿ ನಿಂತು ಕಣಗಳನ್ನೂ ಕಾಂತಕ್ಷೇತ್ರವನ್ನೂ ಅಳೆಯುತ್ತಿದೆ. ಆದರೂ ಬಿರುಗಾಳಿ ಅತ್ಯುಗ್ರವಾದ ಗಂಟೆಯಲ್ಲಿಯೇ ದತ್ತಾಂಶ ಕಾಣೆಯಾಗುವ ಸಂಭವ ಹೆಚ್ಚು. ನಿಮ್ಮ ಪರೀಕ್ಷೆಯಲ್ಲಿ ಬೇಕೆಂದೇ ಕೆಲವು ಗಂಟೆಗಳ ಅಳತೆಗಳನ್ನು ಅಳಿಸಿ, ಮಾದರಿ ಏನು ಮಾಡುತ್ತದೆ ನೋಡಿ.

ಕಕ್ಷಾಗಣಕ

ತಕರಾರನ್ನು ಒಪ್ಪುತ್ತೇನೆ. ಓಮ್ನಿಯ ಸಮಯ ಸರಿಸುವಿಕೆ ನನ್ನ ಗಮನಕ್ಕೆ ಬಂದಿರಲಿಲ್ಲ.

ಸಂಭವನೀಯತೆಯ ಸಲಹೆಗೂ ನನ್ನ ಸಹಮತವಿದೆ, ಆದರೆ ಉಪಗ್ರಹ ನಡೆಸುವವರಿಗೆ ಸಾಂದ್ರತೆಗಿಂತ ಮುಖ್ಯವಾದದ್ದು ಅದರಿಂದ ಉಪಗ್ರಹದ ಸ್ಥಾನ ಎಷ್ಟು ತಪ್ಪುತ್ತದೆ ಎಂಬುದು. ಒಂದು ಉದಾಹರಣೆ ನೋಡಿ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಘನ ಮೀಟರಿಗೆ ಮೂರು ಪಿಕೋಗ್ರಾಂ ಅಲ್ಲ, ಅದರ ಸಾವಿರ ಪಟ್ಟು, ಅಂದರೆ ಮೂರು ನ್ಯಾನೋಗ್ರಾಂ ಗಾಳಿ ಇದೆಯೆಂದು ಇಟ್ಟುಕೊಳ್ಳೋಣ (ಈ ಏಕಕದಲ್ಲಿ ನಾನೇ ಒಮ್ಮೆ ಎಡವಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ). ಪ್ರತಿ ಕಿಲೋಗ್ರಾಂ ದ್ರವ್ಯರಾಶಿಗೆ 0.01 ಚದರ ಮೀಟರ್ ಮುಖವಿರುವ, ವಾಯುರೋಧ ಗುಣಾಂಕ 2.2 ಇರುವ ಉಪಗ್ರಹ ಸೆಕೆಂಡಿಗೆ 7.7 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ, ಅದರ ಮೇಲಿನ ವಾಯುರೋಧ ಸೆಕೆಂಡಿನ ವರ್ಗಕ್ಕೆ ಒಂದು ಮೀಟರಿನ ಹತ್ತು ಲಕ್ಷದ ಎರಡು ಭಾಗದಷ್ಟು. ಕೇಳಲು ಏನೂ ಅಲ್ಲ. ಆದರೆ ಸಾಂದ್ರತೆಯಲ್ಲಿ ಶೇಕಡಾ 10ರಷ್ಟು ತಪ್ಪಿದರೆ ಒಂದು ದಿನದ ನಂತರ ಪಥದ ದಿಕ್ಕಿನಲ್ಲಿ ಉಪಗ್ರಹ ನಾವು ಹೇಳಿದ ಜಾಗದಿಂದ 2 ಕಿಲೋಮೀಟರಿಗೂ ಮಿಕ್ಕಿ ಸರಿದಿರುತ್ತದೆ, ಮತ್ತು ಈ ದೋಷ ಕಾಲದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ಎರಡನೆಯ ದಿನದ ಕೊನೆಗೆ ಅದು ನಾಲ್ಕು ಪಟ್ಟಾಗುತ್ತದೆ. ಡಿಕ್ಕಿಯ ಸಂಭವವನ್ನು ಲೆಕ್ಕ ಹಾಕುವವರಿಗೆ ಇದು ಹಗುರವಾದ ಸಂಗತಿಯಲ್ಲ. ನಿಮ್ಮ ಮಾದರಿ ಇಳಿಮುಖದಲ್ಲಿ ಮಾಡುವ ತಪ್ಪು ಇಲ್ಲಿಯೇ ಕಾಡುವುದು. ಏರಿಕೆಯ ತಪ್ಪು ಕೆಲವು ಗಂಟೆಗಳದು, ಇಳಿಕೆಯ ತಪ್ಪು ಒಂದೇ ದಿಕ್ಕಿನಲ್ಲಿ ದಿನವಿಡೀ ಕೂಡುತ್ತ ಹೋಗುತ್ತದೆ.

ದೊಡ್ಡ ಬಿರುಗಾಳಿಗಳೇ ಬೇಕೆಂದಿಲ್ಲ. 2022ರ ಫೆಬ್ರವರಿ 3ರಂದು ಹಾರಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಬಹುಪಾಲು ವಾತಾವರಣಕ್ಕೆ ಬಿದ್ದು ಉರಿದುಹೋದದ್ದು ಸಾಧಾರಣ ಮಟ್ಟದ ಬಿರುಗಾಳಿಯಲ್ಲಿ. ಅವುಗಳನ್ನು ಮೊದಲು ಇಳಿಸಿದ್ದು ಭೂಮಿಗೆ ಅತಿ ಸಮೀಪದ ಬಿಂದುವಿನಲ್ಲಿ ಕೇವಲ 210 ಕಿಲೋಮೀಟರ್ ಎತ್ತರವಿದ್ದ ಕಕ್ಷೆಗೆ, ಅಲ್ಲಿ ವಾಯುರೋಧ ಹಿಂದಿನ ಉಡಾವಣೆಗಳಿಗಿಂತ ಶೇಕಡಾ 50ರವರೆಗೆ ಹೆಚ್ಚಿತ್ತೆಂದು ಕಂಪನಿಯೇ ತಿಳಿಸಿತ್ತು. ಹಿಂದೆ 1979ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಎಣಿಸಿದ್ದಕ್ಕಿಂತ ಬೇಗ ಬಿದ್ದದ್ದು ಸೌರ ಚಟುವಟಿಕೆ ಅಂದಾಜನ್ನು ಮೀರಿದ್ದರಿಂದ.

ಇನ್ನೊಂದು ಎಚ್ಚರಿಕೆ. ನೆಲದ ಹವಾಮಾನದ ಮುನ್ಸೂಚನೆಯಲ್ಲಿ ಈಗಿನ ಸ್ಥಿತಿಯನ್ನು ಚೆನ್ನಾಗಿ ಅಳೆದು ಮಾದರಿಗೆ ತುಂಬಿದರೆ ದಿನಗಟ್ಟಲೆ ಫಲ ಸಿಗುತ್ತದೆ. ಉಷ್ಣಗೋಳ ಹಾಗಲ್ಲ. ಅದನ್ನು ಹೊರಗಿನಿಂದ ಯಾವಾಗಲೂ ಯಾರೋ ತಳ್ಳುತ್ತಿರುವುದರಿಂದ, ಆರಂಭದ ಸ್ಥಿತಿಯ ನೆನಪು ಒಂದೆರಡು ದಿನಗಳಲ್ಲಿ ಅಳಿದುಹೋಗುತ್ತದೆ. ಆದ್ದರಿಂದ ಸಾಂದ್ರತೆಯನ್ನು ತಿದ್ದುವುದರ ಜೊತೆಗೆ ತಳ್ಳುವ ಬಲವನ್ನು, ಅಂದರೆ ಒಳಬರುವ ಶಕ್ತಿಯ ಅಂದಾಜನ್ನು, ತಿದ್ದುವಂತೆ ಮಾದರಿಯನ್ನು ರಚಿಸಿ.

ಸಾಂದ್ರಶೋಧಕ

ಹೊಸ ಮಾದರಿಯ ಮೊದಲ ಫಲಿತಾಂಶವನ್ನು ಇಲ್ಲಿ ದಾಖಲಿಸುತ್ತೇನೆ. 2003ನ್ನು ಪೂರ್ತಿ ಪಕ್ಕಕ್ಕಿಟ್ಟು, ಉಳಿದ ವರ್ಷಗಳಲ್ಲಿ ಕಲಿಸಿ, ಮತ್ತೆ ನವೆಂಬರ್ 20ಕ್ಕೆ ಓಡಿಸಿದೆ. ಒಟ್ಟು ಅಂಕಿಗಳು ಮೊದಲಿಗಿಂತ ಕೆಟ್ಟಿವೆ, ಅದು ಈಗ ನನಗೆ ಅಷ್ಟೇನೂ ನೋವು ಕೊಡುವುದಿಲ್ಲ. ಪಾರದರ್ಶಕ ಹಾಳೆಯನ್ನು ಈ ಬಾರಿ ಸರಿಸಬೇಕಾದದ್ದು ಎರಡು ಬಿಂದುಗಳಷ್ಟಲ್ಲ, ಒಂದಕ್ಕೂ ಕಡಿಮೆ. ಉತ್ತುಂಗದ ಎತ್ತರವನ್ನು ಮಾದರಿ ಇನ್ನೂ ಮುಟ್ಟುತ್ತಿಲ್ಲ, ಅಷ್ಟು ದೊಡ್ಡದನ್ನು ಅದು ಕಲಿಕೆಯಲ್ಲಿ ನೋಡಿಯೇ ಇಲ್ಲ.

ನಿಧಾನವಾಗಿ ಬರಿದಾಗುವ ತೊಟ್ಟಿಯ ಗುಣಾಂಕಕ್ಕೆ ನೆಟ್‌ವರ್ಕ್ ಋಣ ಚಿಹ್ನೆಯನ್ನೇ ಕೊಟ್ಟಿದೆ. ಮರುದಿನದ ರೇಖೆ ಈಗ ಬಿರುಗಾಳಿಯ ಮುಂಚಿನ ಮಟ್ಟವನ್ನು ದಾಟಿ ಕೆಳಗಿಳಿಯುತ್ತದೆ, ಆದರೆ ಮೇಲೇಳಲು ನಿಜವಾದ ಸಾಂದ್ರತೆಗಿಂತ ಬೇಗ ಹೊರಡುತ್ತದೆ. ತೊಟ್ಟಿ ಬರಿದಾಗುವ ಅವಧಿಯನ್ನು ನಾನು ಒಂದು ದಿನವೆಂದು ಗಟ್ಟಿಯಾಗಿ ಕಟ್ಟಿಹಾಕಿದ್ದೆ. ಧ್ರುವದ ಚಳಿಗಾಲದ ಕತ್ತಲಿನಲ್ಲಿ ನೈಟ್ರಿಕ್ ಆಕ್ಸೈಡನ್ನು ಒಡೆಯುವ ಬೆಳಕೇ ಇರುವುದಿಲ್ಲವಾದ್ದರಿಂದ ನವೆಂಬರ್‌ನಲ್ಲಿ ಉತ್ತರದ ತೊಟ್ಟಿ ಇನ್ನೂ ನಿಧಾನವಾಗಿ ಸೋರಬೇಕಲ್ಲವೇ ಎಂದು ಅನ್ನಿಸುತ್ತಿದೆ. ಎರಡು ಗೋಳಾರ್ಧಗಳಿಗೆ ಪ್ರತ್ಯೇಕ ತೊಟ್ಟಿಗಳನ್ನಿಟ್ಟು, ಸೋರುವ ಅವಧಿಯನ್ನು ಋತುವಿಗೆ ತಕ್ಕಂತೆ ನೆಟ್‌ವರ್ಕೇ ಕಲಿಯಲು ಬಿಟ್ಟಿದ್ದೇನೆ. ಓಟ ಇನ್ನೂ ಮುಗಿದಿಲ್ಲ.

ಅವಕೆಂಪು

ಊಹೆ ಸರಿಯಾದ ದಿಕ್ಕಿನಲ್ಲಿದೆ. ಗೋಳಾರ್ಧಗಳನ್ನು ಬೇರ್ಪಡಿಸುವಾಗ ಇಡೀ ಸುತ್ತಿನ ಸರಾಸರಿಯನ್ನು ಬಿಟ್ಟು ಉತ್ತರ ಮತ್ತು ದಕ್ಷಿಣದ ಅರ್ಧಸುತ್ತುಗಳ ಸರಾಸರಿಯನ್ನು ಬೇರೆ ಬೇರೆಯಾಗಿ ಗುರಿಯಿಡಿ, ಇಲ್ಲದಿದ್ದರೆ ಯಾವ ತೊಟ್ಟಿ ಯಾವ ಕುಸಿತಕ್ಕೆ ಕಾರಣವೆಂದು ನೆಟ್‌ವರ್ಕಿಗೆ ತಿಳಿಯುವ ದಾರಿಯೇ ಇರುವುದಿಲ್ಲ. 2003ರ ಜೊತೆಗೆ 2004ರ ನವೆಂಬರ್‌ನ ಬಿರುಗಾಳಿಗಳನ್ನೂ ಪರೀಕ್ಷೆಗೆ ತೆಗೆದಿಡಿ. ಅವು ಒಂದರ ಬೆನ್ನಿಗೊಂದು ಬಂದಂಥವು. ಮೊದಲನೆಯದರ ನೈಟ್ರಿಕ್ ಆಕ್ಸೈಡ್ ಇನ್ನೂ ಉಳಿದಿರುವಾಗಲೇ ಎರಡನೆಯದು ಬಡಿದರೆ ಉಷ್ಣಗೋಳ ಎಷ್ಟು ಉಬ್ಬುತ್ತದೆ ಎಂಬುದನ್ನು ನಿಮ್ಮ ತೊಟ್ಟಿಗಳು ಅಲ್ಲಿ ಹೇಳಬೇಕಾಗುತ್ತದೆ.